ಶೇಟ್ ಇಲ್ಲದ ಹೋಟೆಲ್

ಇಡ್ಲಿಯ ಮೇಲೆ ಶೇವ್, ಅಂದರೆ ಖಾರಾಸೇವೆ, ಉದುರಿಸಿ ಕೊಡು ಎಂದು ಕೇಳಿದ ಗಿರಾಕಿಯನ್ನು ನಾನು ಮೊದಲು ಕಂಡದ್ದು ಪುಣೆಯ ಖಡಕಿಯಲ್ಲಿ. ತಮಾಷೆಯೆಂದುಕೊಂಡು ನಕ್ಕೆ. ಅವನು ನಗಲಿಲ್ಲ, ದನಿ ಏರಿಸಿದ. ಆಮೇಲಿನ ಅವನ ಮರಾಠಿ ನನಗೆ ಒಂದಕ್ಷರ ಹತ್ತಲಿಲ್ಲ. ಒಳಗಿನಿಂದ ಭಟ್ಟಿಯ ಮುಂದೆ ಅಡುಗೆ ಮಾಡುತ್ತಿದ್ದ ಭೋಜಣ್ಣ ಓಡಿಬಂದು, ಇಡ್ಲಿಯ ಮೇಲೆ ಶೇವ್ ಸುರಿದು, ನನ್ನ ಮರ್ಯಾದೆ ಉಳಿಸಿದ.

ಕುಂದಾಪುರದ ಕಡೆಯ ನಾವು ಇಲ್ಲಿಗೆ ಬರುವುದೇ ಒಂದು ಆಸೆ ಕಟ್ಟಿಕೊಂಡು. ಮೊದಲು ಟೇಬಲ್ ಒರೆಸುವುದು, ಆಮೇಲೆ ಸಪ್ಲಾಯರ್, ಕೊನೆಗೊಂದು ದಿನ ಸ್ವಂತ ಹೋಟೆಲಿನ ಗಲ್ಲಾದ ಹಿಂದೆ ಕೂರುವುದು. ಊರಿನಲ್ಲಿ ಮನೆಯ ಸುತ್ತ ಬೇಲಿ, ಗೇಟು, ಅಂಗಳ. ಇಲ್ಲಿ ಖೋಲಿ, ಅಂದರೆ ಒಂದೇ ಕೋಣೆ. ಐದು ಜನರ ಚಾಪೆ ಹಾಸಿದರೆ ಬಾಗಿಲು ತೆರೆಯುವುದಿಲ್ಲ. ಜ್ವರ ಬಂದು ಮಲಗಿದಾಗ ಗಂಜಿ ಬೇಕೇ ಎಂದು ಕೇಳಲು ಯಾರೂ ಇರದೆ ಅತ್ತದ್ದೂ ಉಂಟು. ಆ ಆಸೆಯೊಂದಿಲ್ಲದಿದ್ದರೆ ನಾನು ಎಂದೋ ಊರಿನ ಬಸ್ಸು ಹತ್ತುತ್ತಿದ್ದೆ.

ನಮ್ಮ ಶೇಟ್‌ಗೆ, ಅಂದರೆ ಮಾಲೀಕರಿಗೆ ವಯಸ್ಸಾಯಿತು. ಮಕ್ಕಳಿಗೆ ಹೋಟೆಲ್ ಬೇಡವಾಗಿತ್ತು. ಮುಚ್ಚುತ್ತೇನೆ ಎಂದಾಗ, ನಾವೇ ನಡೆಸುತ್ತೇವೆ ಎಂದೆವು. ಕೆಲಸಗಾರರೆಲ್ಲ ಸೇರಿ ಸಹಕಾರಿ ಸಂಸ್ಥೆ ಮಾಡಿಕೊಂಡೆವು. ಭಟ್ಟಿಯ ಮುಂದೆ ನಿಂತವನಿಗೂ ಒಂದು ಮತ, ಪಾತ್ರೆ ತೊಳೆಯುವವಳಿಗೂ ಒಂದು ಮತ. ಲಾಭ ಶೇಟ್‌ರ ಊರಿನ ಬಂಗಲೆಗೆ ಹೋಗುವ ಬದಲು ಇಲ್ಲೇ, ಇದೇ ಗಲ್ಲಿಯ ಮನೆಗಳಿಗೆ ಹೋಗತೊಡಗಿತು. ಯಾರಿಗೆ ಯಾವಾಗ ರಜೆ ಎಂದು ನಾವೇ ಕೂತು ಮಾತಾಡುತ್ತಿದ್ದೆವು.

ಅಷ್ಟರಲ್ಲಿ ಕಟ್ಟಡದ ಮಾಲೀಕ ಬಂದ. ಬಾಡಿಗೆಯ ಕರಾರು ಮುಗಿಯುತ್ತಿತ್ತು. "ಸಂಸ್ಥಾ-ಬಿಂಸ್ಥಾ ಮಲಾ ನಕೊ. ಏಕ್ ನಾವ್ ಸಾಂಗಾ," ಎಂದ. ಸಂಸ್ಥೆಯೊಂದಿಗೆ ವ್ಯವಹಾರ ಬೇಡ, ಒಬ್ಬರ ಹೆಸರು ಹೇಳಿ ಎಂದರ್ಥ. ಸಂಜೆಯೊಳಗೆ ಹೇಳದಿದ್ದರೆ ಜಾಗ ದೊಡ್ಡ ಕಂಪನಿಯ ಹೋಟೆಲಿಗೆ.

ಮಧ್ಯಾಹ್ನದ ಊಟ ಮುಗಿಸಿ ಸಭೆ ಕೂತೆವು. "ಒಬ್ರ್ ಹೆಸ್ರ್ ಹಾಕ್ರೆ ಆಯ್ತಲ್ದಾ ಮಾರಾಯ? ನಿಂದೇ ಇರ್ಲಿ," ಎಂದ ಭೋಜಣ್ಣ. ನನಗೆ ಈಗ ಮರಾಠಿ ಬರುತ್ತದೆ, ಸಿಟ್ಟು ಕಡಿಮೆ ಎಂದು ಎಲ್ಲರೂ ಹೂಂ ಎಂದರು. ಹಿತ್ತಿಲಿಗೆ ಹೋಗಿ ಅಮ್ಮನಿಗೆ ಫೋನ್ ಮಾಡಿ, ಹೋಟೆಲ್ ನನ್ನ ಹೆಸರಿಗಾಗುತ್ತಿದೆ ಎಂದು ಹೇಳಿಯೂಬಿಟ್ಟೆ.

ತಿರುಗಿ ಬಂದರೆ ಪಾತ್ರೆ ತೊಳೆಯುವ ಶರಣಮ್ಮ ಒದ್ದೆ ಕೈಯಲ್ಲಿ ನಿಂತಿದ್ದಳು. ಯಾದಗಿರಿ ಕಡೆಯವಳು. ಹಿಂದೆ ಅವಳ ಜೊತೆಯ ಹೆಂಗಸರು.

"ಮೀಟಿಂಗ್ ಆತೇನ್ರಿ? ನಮಗ್ಯಾಕ ಕರೀಲಿಲ್ರಿ?"

"ಊಟ ಆದ್ಮೇಲೆ ಅಂತ ಹೇಳಿದ್ದಲ್ದಾ," ಎಂದ ಭೋಜಣ್ಣ.

"ನಾವಿನ್ನೂ ಉಂಡೇ ಇಲ್ರಿ."

ಶೇಟ್ ಕಾಲದಿಂದಲೂ ಮೊದಲ ಪಂಕ್ತಿ ಅಡುಗೆಯವರದು, ಎರಡನೆಯದು ಸಪ್ಲಾಯರ್‌ಗಳದು, ನಮ್ಮ ತಟ್ಟೆಗಳನ್ನೂ ತೊಳೆದ ಮೇಲೆ ಉಳಿದದ್ದು ಅವರದು. ಶೇಟ್ ಹೋದರೂ ಆ ಪದ್ಧತಿ ಹೋಗಿರಲಿಲ್ಲ. ಊಟ ಮುಗಿಯಿತು ಎಂದಾಗ ನಮ್ಮದು ಮುಗಿಯಿತೆಂದಷ್ಟೇ ಲೆಕ್ಕ. ಇವರು ಉಂಡಿಲ್ಲವೆಂದು ಒಬ್ಬರಿಗೂ ಹೊಳೆದಿರಲಿಲ್ಲ.

"ನಿಮ್ಮ ಮ್ಯಾಲ ಸಿಟ್ಟಿಲ್ರಿ," ಎಂದು ಶರಣಮ್ಮ ನನ್ನತ್ತ ತಿರುಗಿದಳು. "ಆದ್ರ ಒಬ್ಬರ ಹೆಸರಾಗ ಕಾಗದ ಆತಂದ್ರ, ಎಷ್ಟ ಛಲೋ ಮನಷಾ ಇದ್ರೂ ಅವರು ಶೇಟ್ ಆಗ್ತಾರ್ರಿ. ಮತ್ತ ಸಭಾ ಮಾಡ್ರಿ. ಅಲ್ಲೀತನಕ ನಾವು ಭಾಂಡಿ ಮುಟ್ಟಂಗಿಲ್ಲ."

ಸಂಜೆಯ ಗಿರಾಕಿಗಳು ಬರುವ ಹೊತ್ತು ಹತ್ತಿರವಾಗುತ್ತಿತ್ತು, ತಟ್ಟೆಗಳ ರಾಶಿ ತೊಳೆಯದೆ ಬಿದ್ದಿತ್ತು. ನಿಜ ಹೇಳುತ್ತೇನೆ, ನನಗೆ ಅವಳ ಮೇಲೆ ಮೈಯುರಿಯುವಷ್ಟು ಸಿಟ್ಟು ಬಂದಿತ್ತು. ಷಟರ್ ಅರ್ಧ ಇಳಿಸಿ ಮತ್ತೆ ಕೂತೆವು. ಒಬ್ಬರ ಹೆಸರು ಬೇಡ ಎನ್ನುವವರು ಕೈ ಎತ್ತಿ ಎಂದಾಗ ಹೆಂಗಸರೆಲ್ಲ ಎತ್ತಿದರು. ಅಡುಗೆಯವರು ಒಬ್ಬರೂ ಎತ್ತಲಿಲ್ಲ. ಸಪ್ಲಾಯರ್‌ಗಳು ಒಡೆದುಹೋದರು. ಎರಡೂ ಕಡೆ ಸಮನಾಗಿ, ಉಳಿದವನು ನಾನೊಬ್ಬನೇ.

ಶರಣಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ತಂಗಿಯ ಮದುವೆಗೆ ರಜೆ ಕೇಳಲು ಗಲ್ಲಾದ ಮುಂದೆ ನಾನೂ ಹೀಗೇ ನಿಂತಿದ್ದೆ. ಶೇಟ್ ತಲೆ ಎತ್ತಿರಲಿಲ್ಲ. ಈಗ ನನ್ನ ಹೆಸರಿಗೆ ನಾನು ಹೂಂ ಎಂದರೆ ಇವಳು ಇನ್ನು ಮುಂದೆ ಹೀಗೇ ನಿಲ್ಲಬೇಕು. ಕೈ ಎತ್ತಿದೆ.

ಸಂಜೆ ಬಂದ ಕಟ್ಟಡದ ಮಾಲೀಕನಿಗೆ, ಇರುವುದು ಸಂಸ್ಥೆಯ ಹೆಸರೊಂದೇ ಎಂದೆ. ನಮಗೆ ತಲೆ ಕೆಟ್ಟಿದೆ ಎಂದು ಬೈದ. ಹೊರಟವನು ಬಾಗಿಲಿನಿಂದ ತಿರುಗಿ ಬಂದ. ಬಾಡಿಗೆ ಎಂದೂ ತಡವಾಗಿಲ್ಲವೆಂಬ ಒಂದೇ ಕಾರಣಕ್ಕೆ ಹನ್ನೊಂದು ತಿಂಗಳಿಗೆ ಒಪ್ಪಿದ. ಆಮೇಲಿನದು ಯಾರಿಗೂ ಗೊತ್ತಿಲ್ಲ. ಭೋಜಣ್ಣನದು ಈಗಲೂ ನನ್ನೊಂದಿಗೆ ಬೇಕಾದಷ್ಟೇ ಮಾತು.

ಅಮ್ಮನಿಗೆ ಮತ್ತೆ ಫೋನ್ ಮಾಡಿದೆ. ಅಷ್ಟರಲ್ಲಿ ಅವಳು ಕೇರಿಗೆಲ್ಲ ಸುದ್ದಿ ಹಂಚಿಯಾಗಿತ್ತು. ಆದದ್ದನ್ನು ಹೇಳಿದೆ.

"ಹಂಗಾರೆ ನೀ ಇನ್ನೂ ಕೆಲ್ಸ್‌ದವನೆಯಾ?"

"ಹೌದಮ್ಮ."

ಅವಳು ದನಿ ತಗ್ಗಿಸಿ ಹೇಳಿದಳು: "ಊರಿಗ್ ಬಂದಾಗ ಯಾರತ್ರೂ ಹೇಳ್ಬೇಡ."

ಹೇಳಿಲ್ಲ. ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ನಾನು ಪುಣೆಯ ಹೋಟೆಲ್ ಧಣಿ. ರಿಕ್ಷಾದವನು ಬ್ಯಾಗು ಎತ್ತಿಕೊಳ್ಳುತ್ತಾನೆ, ನಾನು ಬೇಡವೆನ್ನುವುದಿಲ್ಲ. ಇಲ್ಲಿ ಈಗ ಎಲ್ಲರಂತೆ ವಾರಕ್ಕೊಮ್ಮೆ ಪಾತ್ರೆ ತೊಳೆಯುವ ಸರದಿ ನನಗೂ ಬರುತ್ತದೆ, ಆ ದಿನ ನನ್ನ ಊಟ ಕೊನೆಗೆ.