ಹಿಂಗಾಲು ಮೇಸ್ತ್ರಿಯ ಬ್ರಾಕೆಟ್ಟು

ರೇಸಿನ ಗಾಡಿ ತಂದವರೆಲ್ಲ ಬಾನೆಟ್ ಎತ್ತಿ ಇಂಜಿನ್ ತೋರಿಸಲು ನಿಂತರೆ, ಮೇಸ್ತ್ರಿ ಅತ್ತ ಕಣ್ಣೂ ಹಾಯಿಸದೆ ಹಿಂದಕ್ಕೆ ಹೋಗಿ, ಗೋಣಿತಾಟು ಹಾಸಿ, ಗಾಡಿಯ ಕೆಳಗೆ ನುಸುಳಿಬಿಡುತ್ತಿದ್ದ. “ಕುದುರೆ ಜಿಗಿಯೋದು ಹಿಂಗಾಲಿಂದ. ಮುಖ ನೋಡಿ ಏನು ಮಾಡ್ಲಿ?” ಎಂಬ ದನಿ ಮಾತ್ರ ಕೆಳಗಿನಿಂದ ಬರುತ್ತಿತ್ತು. ಹಿಂಗಾಲು ಮೇಸ್ತ್ರಿ ಎಂಬ ಅಡ್ಡಹೆಸರು ಅಂಟಿಕೊಂಡದ್ದು ಹಾಗೆ. ಎರಡು ಗಾಡಿ ಹಿಡಿಸುವಷ್ಟು ಗ್ಯಾರೇಜು, ಅದರ ಮಹಡಿಯಲ್ಲಿ ಮನೆ. ಹೆಂಡತಿ ಮೇಲೆ ಕುಳಿತು ಬಟ್ಟೆ ಹೊಲಿಯುತ್ತಿದ್ದಳು. ಕೆಳಗೆ ಸುತ್ತಿಗೆಯ ಸದ್ದು ಬಹಳ ಹೊತ್ತು ನಿಂತರೆ ಆಕೆ ಮೆಟ್ಟಿಲ ಬಳಿ ಬಂದು ಇಣುಕುತ್ತಿದ್ದಳು. ಸದ್ದು ನಿಂತಿತೆಂದರೆ ಗಂಡ ಏನೋ ಯೋಚನೆಗೆ ಬಿದ್ದಿದ್ದಾನೆ ಎಂದೇ ಅರ್ಥ.

ಅವನನ್ನು ಯೋಚನೆಗೆ ಕೆಡವಿದ್ದು ಸ್ವಂತ ತಮ್ಮನ ಗಾಡಿ. ತಮ್ಮ ಡ್ರ್ಯಾಗ್ ರೇಸಿನ ಡ್ರೈವರ್. ಊರಾಚೆ, ವಿಮಾನ ಇಳಿಯುವುದು ನಿಂತುಹೋದ ಹಳೆಯ ರನ್‌ವೇ ಮೇಲೆ ಎರಡೆರಡು ಗಾಡಿ ಅಕ್ಕಪಕ್ಕ ನಿಲ್ಲಿಸಿ, ಹಸಿರು ದೀಪ ಹತ್ತಿದ ಕೂಡಲೇ ಕಾಲು ಮೈಲಿ ನೆಟ್ಟಗೆ ಓಡಿಸುವ ಆಟ ಅದು. ತಮ್ಮನ ಗಾಡಿಯ ಇಂಜಿನ್ನಿಗೆ ಶಕ್ತಿ ಬೇಕಾದಷ್ಟಿತ್ತು. ಆದರೆ ಕ್ಲಚ್ ಬಿಟ್ಟೊಡನೆ ಹಿಂದಿನ ಚಕ್ರಗಳು ನೆಲ ಕಚ್ಚುವ ಬದಲು ದಡದಡ ಕುಣಿಯುತ್ತಿದ್ದವು. ಅವು ಕುಣಿದು ಸುಮ್ಮನಾಗುವಷ್ಟರಲ್ಲಿ ಪಕ್ಕದ ಗಾಡಿ ಹತ್ತು ಮಾರು ಮುಂದಿರುತ್ತಿತ್ತು.

ಬಿಡಿಭಾಗದ ಅಂಗಡಿಯವನು ತಮ್ಮನ ತಲೆಗೆ ಕೆಂಪು ಬಣ್ಣದ ಗಿಡ್ಡ ಸ್ಪ್ರಿಂಗುಗಳನ್ನು ತುಂಬಿದ್ದ. ಅವನ್ನು ಹಾಕಿದರೆ ಗಾಡಿ ನೆಲಕ್ಕೆ ಅಂಟಿಕೊಂಡು ಕೂರುತ್ತದೆ, ನೋಡಲೂ ಚಂದ ಎಂದು. ಹಿಂಭಾಗ ಕಲ್ಲಿನ ಹಾಗೆ ಬಿಗಿದುಕೊಂಡರೆ ಭಾರ ಹಿಂದಕ್ಕೆ ಬರುವುದು ಹೇಗೆ, ಭಾರ ಬಾರದೆ ಚಕ್ರ ನೆಲ ಕಚ್ಚುವುದು ಹೇಗೆ ಎಂದು ಮೇಸ್ತ್ರಿ ಕೇಳಿದ. ತಮ್ಮ ಮುಖ ಊದಿಸಿಕೊಂಡ. ಕೊನೆಗೆ ಅಣ್ಣನ ಮಾತೇ ನಡೆಯಿತು.

ಮೂರು ತಿಂಗಳು ಹಿಡಿಯಿತು. ಸ್ಪ್ರಿಂಗುಗಳನ್ನು ಮೇಸ್ತ್ರಿ ಮೆತ್ತಗಿನವೇ ಇರಲಿ ಎಂದು ಬಿಟ್ಟ. ಹಿಂದಿನ ಎರಡೂ ಚಕ್ರ ಕೂಡಿಸುವ ಆಕ್ಸಲನ್ನು ಗಾಡಿಯ ಮೈಗೆ ಹಿಡಿದಿಡುವ ಎರಡು ಕೆಳತೋಳುಗಳು ತಗಡು ಬಗ್ಗಿಸಿ ಮಾಡಿದವು, ಒತ್ತಡ ಬಿದ್ದರೆ ತಿರುಚಿಕೊಳ್ಳುತ್ತಿದ್ದವು. ಅವನ್ನು ಕಿತ್ತು ಚೌಕ ಪೈಪಿನ ಗಟ್ಟಿ ತೋಳು ತರಿಸಿದ, ತುದಿಯ ತೂತುಗಳಿಗೆ ಗಡಸು ರಬ್ಬರಿನ ಬುಷ್ ಕೂರಿಸಿದ. ಶಾಕ್ ಅಬ್ಸಾರ್ಬರ್ ಮಾತ್ರ ದುಬಾರಿಯದೇ ಬೇಕೆಂದು ಹಟ ಹಿಡಿದ, ಏಕೆಂದರೆ ಅದರಲ್ಲಿ ಬಿಗಿ ಹೆಚ್ಚುಕಡಿಮೆ ಮಾಡುವ ತಿರುಪು ಇತ್ತು. ಕುಣಿತ ಕಡಿಮೆಯಾಯಿತು, ನಿಲ್ಲಲಿಲ್ಲ. ಆಗ ಹೆಂಡತಿ ರನ್‌ವೇ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಫೋನಿನಲ್ಲಿ ತೆಗೆದ ವಿಡಿಯೋವನ್ನು ನೂರು ಸಲ ನೋಡಿದ. ತೋಳಿನ ಹಿಂತುದಿ ಇನ್ನಷ್ಟು ಕೆಳಗಿಳಿದರೆ ಆಕ್ಸಲ್ಲಿನ ನೂಕು ಗಾಡಿಯನ್ನು ಮೇಲಕ್ಕೆತ್ತುತ್ತದೆ, ಚಕ್ರವನ್ನು ನೆಲಕ್ಕೊತ್ತುತ್ತದೆ ಎಂಬುದು ಹೊಳೆಯಿತು. ತೋಳನ್ನು ಅಷ್ಟು ಕೆಳಗೆ ಆಕ್ಸಲ್ಲಿಗೆ ಸಿಕ್ಕಿಸುವ ಬ್ರಾಕೆಟ್ ಅಂಗಡಿಯಲ್ಲಿರಲಿಲ್ಲ. ಹೆಂಡತಿ ಅಂಗಿಯ ಅಳತೆ ಕತ್ತರಿಸುವಂತೆ ರಟ್ಟಿನಲ್ಲಿ ಅದರ ಆಕಾರ ಕತ್ತರಿಸಿಕೊಟ್ಟಳು. ಮೇಸ್ತ್ರಿ ಆರು ಮಿಲಿಮೀಟರ್ ಉಕ್ಕಿನಲ್ಲಿ ಅದನ್ನು ಮಾಡಿ, ತೋಳು ಸಿಕ್ಕಿಸಲು ಒಂದರ ಕೆಳಗೊಂದು ನಾಲ್ಕು ತೂತು ಕೊರೆದ. ಕೊನೆಯ ತೂತಿನಲ್ಲಿ ಚಕ್ರ ಒಮ್ಮೆ ಜೋರಾಗಿ ಕಚ್ಚಿ ಬಿಟ್ಟುಬಿಡುತ್ತಿತ್ತು. ಮೂರನೆಯದರಲ್ಲಿ ಗಾಡಿ ಕವಣೆಯಿಂದ ಹೊರಟ ಕಲ್ಲಿನಂತೆ ಹೋಯಿತು.

ಆ ವರ್ಷ ತಮ್ಮ ಏಳು ರೇಸು ಗೆದ್ದ. ಮೈಕು ಹಿಡಿದವರು ಗುಟ್ಟೇನೆಂದು ಕೇಳಿದಾಗ, ಹಿಂದಿನ ಬ್ರಾಕೆಟ್ ತನ್ನದೇ ಕಲ್ಪನೆ, ಒಬ್ಬ ಮೇಸ್ತ್ರಿ ಹತ್ತಿರ ಮಾಡಿಸಿಕೊಂಡೆ ಎಂದ. ಆ ‘ಒಬ್ಬ ಮೇಸ್ತ್ರಿ’ ಅಲ್ಲೇ ಟಯರಿಗೆ ಗಾಳಿ ಹಿಡಿಯುತ್ತಿದ್ದ. ಮನೆಗೆ ಬಂದು ಹೆಂಡತಿ ಕೆದಕಿದಾಗ, ಗೆದ್ದವನ ನಾಲಿಗೆ, ಜಾರಿರುತ್ತದೆ ಬಿಡು ಎಂದುಬಿಟ್ಟ.

ಮುಂದಿನ ವರ್ಷ ಅಂಗಡಿಯವನೂ ತಮ್ಮನೂ ಸೇರಿ ಆ ಬ್ರಾಕೆಟ್ಟನ್ನು ಡಬ್ಬಿಗೆ ಹಾಕಿ ಮಾರಲು ಶುರುಮಾಡಿದರು. ಡಬ್ಬಿಯ ಮೇಲೆ ತಮ್ಮ ಕೈಕಟ್ಟಿ ನಿಂತ ಚಿತ್ರ. “ರಟ್ಟು ನಮ್ಮ ಮನೇದು, ಮುಖ ಅವರ ಮನೇದು” ಎಂದು ಹೆಂಡತಿ ಸೂಜಿಗೆ ದಾರ ಪೋಣಿಸುತ್ತ ಹೇಳಿದಳು. ಮೇಸ್ತ್ರಿಗೆ ಆಗಲೂ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು, ಒಂದು ಡಬ್ಬಿ ಕೊಂಡು ತಂದು ವರ್ನಿಯರ್‌ನಲ್ಲಿ ದಪ್ಪ ಅಳೆದಾಗ. ಆರು ಇರಬೇಕಾದ ಉಕ್ಕು ಮೂರು ಮಿಲಿಮೀಟರ್ ಇತ್ತು. ಎರಡೂ ಕಡೆ ಬೇಕಾದ ವೆಲ್ಡಿಂಗ್ ಒಂದೇ ಕಡೆ. ಬಣ್ಣ ಮಾತ್ರ ಮದುಮಗಳ ಮುಖದ ಹಾಗೆ ಹೊಳೆಯುತ್ತಿತ್ತು.

ತಮ್ಮನ ಮನೆಗೆ ಹೋಗಿ ಅದನ್ನು ಮೇಜಿನ ಮೇಲಿಟ್ಟ.

“ಅಣ್ಣ, ನೀನು ಮಾಡಿದ್ದು ಆನೆ ಕಟ್ಟೋ ಸರಪಳಿ,” ತಮ್ಮ ನಕ್ಕ. “ಬೆಕ್ಕು ಕಟ್ಟೋಕೆ ಅಷ್ಟು ದಪ್ಪ ಯಾಕೆ?”

“ಕೊಂಡವನು ಬೆಕ್ಕೇ ಕಟ್ತಾನೆ ಅಂತ ನಿಂಗೆ ಹೇಗೆ ಗೊತ್ತು?”

ತಮ್ಮ, ಫೋನು ಬಂತೆಂದು ಎದ್ದುಹೋದ. ಅಡುಗೆಮನೆಯಲ್ಲಿದ್ದ ಅಮ್ಮ ಬಂದು, ಒಡಹುಟ್ಟಿದವರ ಮಾತು ಬೀದಿಗೆ ಬೀಳಬಾರದು, ದೊಡ್ಡವನು ನೀನೇ ನುಂಗಿಕೋ ಎಂದಳು. ಮೇಸ್ತ್ರಿ ನುಂಗಿಕೊಂಡ. ತನ್ನ ಗ್ಯಾರೇಜಿಗೆ ಆ ಡಬ್ಬಿ ತಂದವರಿಗೆಲ್ಲ ಹಾಕುವುದಿಲ್ಲ ಎಂದು ವಾಪಸು ಕಳಿಸುತ್ತಿದ್ದ, ಯಾಕೆಂದು ಮಾತ್ರ ಹೇಳುತ್ತಿರಲಿಲ್ಲ. ಅವರು ಬೇರೆ ಗ್ಯಾರೇಜಿಗೆ ಹೋಗಿ ಹಾಕಿಸಿಕೊಳ್ಳುತ್ತಿದ್ದರು.

ಹಾಗೆ ವಾಪಸು ಹೋದವರಲ್ಲಿ ಒಬ್ಬ ಬೇಕರಿಯವನು. ರಜಾದಿನಗಳಲ್ಲಿ ಮಾತ್ರ ರೇಸಿಗೆ ಬರುವ, ಸೋತರೂ ಎಲ್ಲರಿಗೂ ಬನ್ನು ಹಂಚುವ ಮನುಷ್ಯ. ಒಂದು ಭಾನುವಾರ ಹಸಿರು ದೀಪ ಹತ್ತಿದ ಎರಡನೆಯ ಸೆಕೆಂಡಿಗೆ ಅವನ ಗಾಡಿಯ ಎಡಬದಿಯ ಬ್ರಾಕೆಟ್ ಹರಿದು ಬಂತು. ಆಕ್ಸಲ್ ಓರೆಯಾಗಿ ಗಾಡಿ ಅಡ್ಡ ತಿರುಗಿ ಅಂಚಿನ ಕಾಂಕ್ರೀಟ್ ಗೋಡೆಗೆ ಬಡಿಯಿತು. ಜೀವ ಉಳಿಯಿತು. ಬಲಗೈ ಮೊಣಕೈಯಿಂದ ಕೆಳಗೆ ಉಳಿಯಲಿಲ್ಲ.

ರೇಸಿನ ಸಮಿತಿ ವಿಚಾರಣೆ ಕರೆಯಿತು. ಉದ್ದನೆಯ ಮೇಜು, ಪ್ಲಾಸ್ಟಿಕ್ ಕುರ್ಚಿಗಳು, ಮೇಜಿನ ಮೇಲೆ ಹರಿದ ಬ್ರಾಕೆಟ್ಟು. ವಿನ್ಯಾಸ ಯಾರದು ಎಂದು ಅಧ್ಯಕ್ಷರು ಕೇಳಿದಾಗ ತಮ್ಮ ತಡವರಿಸಲೇ ಇಲ್ಲ.

“ನಂದಲ್ಲ ಸಾರ್. ಅಣ್ಣಂದು. ನಾನು ಬರೀ ಓಡಿಸೋನು.”

ಅಂಗಡಿಯವನು ತಲೆಯಾಡಿಸಿದ. ಮೇಸ್ತ್ರಿ ತಾನು ಮಾಡಿದ ಮೊದಲ ಬ್ರಾಕೆಟ್ಟನ್ನು ಚೀಲದಿಂದ ತೆಗೆದಿಟ್ಟು ಎರಡನ್ನೂ ಅಳೆದು ತೋರಿಸಿದ. ಸಮಿತಿಯವರು ಅಳತೆಯನ್ನು ಬರೆದುಕೊಂಡರು. ಆಮೇಲೆ ಒಬ್ಬರು, ತೆಳುವಾಗಿದೆ ಎಂದು ನಿಮಗೆ ಯಾವಾಗ ತಿಳಿಯಿತು ಎಂದು ಕೇಳಿದರು. ಮೇಸ್ತ್ರಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಎಂಟು ತಿಂಗಳ ಹಿಂದೆ. ಯಾರಿಗೆ ತಿಳಿಸಿದಿರಿ? ತಮ್ಮನಿಗೆ. ಇನ್ಯಾರಿಗೆ? ಮೇಸ್ತ್ರಿ ವರ್ನಿಯರನ್ನು ಮುಚ್ಚಿ ಚೀಲಕ್ಕೆ ಹಾಕಿದ.

ಮೂವರನ್ನೂ ಮೂರು ವರ್ಷ ರೇಸಿನಿಂದ ಹೊರಗಿಟ್ಟರು. ಅಂಗಡಿಯವನು ಹೊಸ ಬೋರ್ಡು ಹಾಕಿ ಬೇರೆ ಸಾಮಾನು ಮಾರತೊಡಗಿದ. ತಮ್ಮ ಇನ್ನೊಂದು ಊರಿನ ರೇಸಿಗೆ ಹೋದ. ಗಿರಾಕಿ ಬಾರದೆ ಬಾಗಿಲು ಹಾಕಿದ್ದು ಮೇಸ್ತ್ರಿಯ ಗ್ಯಾರೇಜೊಂದೇ.

ಈ ನಡುವೆ ಒಮ್ಮೆ ಅವನು ಆಸ್ಪತ್ರೆಗೆ ಹೋಗಿದ್ದ. ಬೇಕರಿಯವನು ಗೋಡೆಗೊರಗಿ ಕೂತಿದ್ದ.

“ಅವತ್ತು ನೀವು ಹಾಕಲ್ಲ ಅಂದ್ರಿ. ನಾನು ನಿಮಗೆ ಜಂಭ ಅಂದ್ಕೊಂಡೆ,” ಎಂದ. ಎಡಗೈಯಲ್ಲಿ ಹೊದಿಕೆ ಎಳೆದುಕೊಳ್ಳುತ್ತ, “ಒಂದು ಮಾತು ಹೇಳಬಾರದಿತ್ತೇನ್ರೀ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದು ಮೇಸ್ತ್ರಿ ಹೆಂಡತಿಯ ಬಳಿ ಹೇಳಿದ್ದು ಅದೊಂದೇ ಸಲ.

ಈಗ ಅವನು ಲಾರಿ ಡಿಪೋದಲ್ಲಿ ಕೂಲಿ ಮೆಕ್ಯಾನಿಕ್ಕು. ಅಮ್ಮನಿಗೆ ಕಣ್ಣಿನ ಆಪರೇಷನ್ ಆದಾಗ ಅಣ್ಣತಮ್ಮಂದಿರು ಎರಡು ವರ್ಷದ ಮೇಲೆ ಒಂದೇ ಕೋಣೆಯಲ್ಲಿ ನಿಂತರು. ಕಣ್ಣಿಗೆ ಪಟ್ಟಿ ಕಟ್ಟಿದ ಅಮ್ಮ ಇಬ್ಬರ ಕೈಯನ್ನೂ ತಡಕಾಡುತ್ತಿದ್ದಳು. ತಮ್ಮನೇ ಮಾತು ತೆಗೆದ. ತಾನು ಸಮಿತಿಯೆದುರು ಸುಳ್ಳೇನೂ ಹೇಳಲಿಲ್ಲ ಎಂದ.

“ಡಿಸೈನ್ ನಿಂದೇ ತಾನೆ ಅಣ್ಣ?”

“ನಂದೇ,” ಎಂದ ಮೇಸ್ತ್ರಿ. “ಗೆದ್ದ ದಿನವೂ ನಂದೇ ಆಗಿತ್ತು.”

ಅಮ್ಮ, ಈಗ್ಯಾಕೆ ಅದೆಲ್ಲ ಎಂದಳು. ಮೇಸ್ತ್ರಿ ಅವಳ ಕೈಯನ್ನು ಹಾಸಿಗೆಯ ಮೇಲೆ ಮೆಲ್ಲನೆ ಇಳಿಸಿ, ಡ್ಯೂಟಿಗೆ ಹೊತ್ತಾಯಿತೆಂದು ಹೊರಬಿದ್ದ. ಅಂದು ಅವನಿಗೆ ರಜೆ ಇತ್ತು. ಬಸ್ ನಿಲ್ದಾಣದ ಬೆಂಚಿನಲ್ಲಿ ಮೂರು ಬಸ್ಸು ಹೋಗುವವರೆಗೂ ಕೂತಿದ್ದು, ನಾಲ್ಕನೆಯದನ್ನು ಹತ್ತಿದ.