ಬ್ರೆಡ್ ಮಾವನ ಸದ್ದಿಲ್ಲದ ಗಾಡಿ

ಬ್ರೆಡ್ ಮಾವ ಯಾವುದಕ್ಕೂ ಆತುರಪಟ್ಟ ಮನುಷ್ಯನಲ್ಲ. ಒಂದು ಛತ್ರಿ ಕೊಳ್ಳಬೇಕಾದರೂ ಮೂರು ಅಂಗಡಿ ಹತ್ತಿ ಇಳಿದು, ಕೊನೆಗೆ ಮೊದಲನೆಯ ಅಂಗಡಿಗೇ ವಾಪಸು ಬರುವ ಪೈಕಿ. ಅಂಥವನು ಮೂವತ್ತೊಂದು ವರ್ಷ ಓಡಿಸಿದ ಪೆಟ್ರೋಲ್ ಸ್ಕೂಟರನ್ನು ಬಿಟ್ಟು ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವುದಕ್ಕೆ ಎಂಟು ತಿಂಗಳು ಯೋಚಿಸಿದ ಎಂದರೆ ಆಶ್ಚರ್ಯವೇನೂ ಇಲ್ಲ. ಅಷ್ಟೆಲ್ಲ ಅಳೆದು ಸುರಿದು ನೋಡಿದವನು ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಅದಕ್ಕೆ ಅವನನ್ನು ದೂರುವುದೂ ಅನ್ಯಾಯವೇ. ಅಂಥದ್ದೊಂದು ಇದೆ ಎಂದೇ ಅವನಿಗೆ ಗೊತ್ತಿರಲಿಲ್ಲ.

ಬೆಳಗಿನ ಐದಕ್ಕೆ ಅವನು ಬೇಕರಿಯ ಹಿಂಬಾಗಿಲಲ್ಲಿ ಹಾಜರು. ಬ್ರೆಡ್ಡು, ಬನ್ನು, ರಸ್ಕು ತುಂಬಿದ ಕ್ರೇಟನ್ನು ಹಿಂದಿನ ಸೀಟಿಗೆ ಹಳೇ ಟ್ಯೂಬಿನಿಂದ ಬಿಗಿದು ಹೊರಟರೆ ಹನ್ನೊಂದಕ್ಕೆ ಖಾಲಿ ಮಾಡಿಕೊಂಡೇ ಮನೆಗೆ. ಸಂಜೆ ಇನ್ನೊಂದು ಸುತ್ತು. ಸ್ಕೂಟರಿನ ಸೈಲೆನ್ಸರ್ ಯಾವ ಕಾಲದಲ್ಲೋ ತೂತು ಬಿದ್ದು, ಅದಕ್ಕೆ ಎಣ್ಣೆ ಡಬ್ಬದ ತಗಡು ಸುತ್ತಿ ತಂತಿ ಬಿಗಿದಿದ್ದ. ಗಾಡಿ ಮೂರು ಬೀದಿ ಆಚೆ ಇರುವಾಗಲೇ ಜನ ಚಿಲ್ಲರೆ ಹುಡುಕತೊಡಗುತ್ತಿದ್ದರು. ಆ ಗಡಗಡದ ನಡುವೆ ಒಂದು ಕೆಮ್ಮು, ಆಮೇಲೆ ಮತ್ತೆ ಗಡಗಡ. ಅಂಥ ಸದ್ದಿನ ಇನ್ನೊಂದು ಗಾಡಿ ಆ ಸುತ್ತಿನಲ್ಲೆಲ್ಲೂ ಇರಲಿಲ್ಲ, ಇರಬಾರದಿತ್ತು ಕೂಡ.

ಅವನ ಹೆಂಡತಿಯನ್ನು ಬೀದಿಯವರೆಲ್ಲ ಅತ್ತೆ ಎನ್ನುತ್ತಿದ್ದರು. ಎರಡು ವರ್ಷದಿಂದ ಅತ್ತೆಗೆ ಮರೆವು. ಮೊದಮೊದಲು ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕುತ್ತಿದ್ದಳು, ಸಾರಿಗೆ ಮೂರು ಸಲ ಉಪ್ಪು ಹಾಕುತ್ತಿದ್ದಳು. ಒಂದು ದಿನ ಹೆತ್ತ ಮಗಳನ್ನೇ ಬಾಗಿಲಲ್ಲಿ ನಿಲ್ಲಿಸಿ, “ಯಾರಮ್ಮ ನೀನು? ಬಿಸಿಲಲ್ಲಿ ಬಂದಿದೀಯ, ನೀರು ಕೊಡ್ಲಾ?” ಎಂದಳು. ಮಗಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮಾವನನ್ನು ಮಾತ್ರ ಅತ್ತೆ ಮರೆತಿರಲಿಲ್ಲ. ಅವನು ಗಾಡಿ ಸ್ಟ್ಯಾಂಡ್ ಹಾಕುವುದರೊಳಗೆ ಬಾಗಿಲು ತೆರೆದಿರುತ್ತಿತ್ತು. “ಬಂದ್ರಾ?” ಎಂದು ಮುಖ ಅರಳಿಸಿಕೊಂಡು ನಿಂತಿರುತ್ತಿದ್ದಳು. ಮಾವನಿಗೆ ಅದರ ಬಗ್ಗೆ ಒಳಗೊಳಗೇ ಜಂಬ. ಡಾಕ್ಟರ ಮುಂದೆಯೂ ಎದೆಯುಬ್ಬಿಸಿ ಹೇಳಿದ್ದ: “ಯಾರನ್ನ ಮರೆತ್ರೂ ನನ್ನನ್ನ ಮರೆತಿಲ್ಲ ಸಾರ್.” ಡಾಕ್ಟರು, ‘ಗಂಡನನ್ನು ಗುರುತಿಸುತ್ತಾರೆ’ ಎಂದು ಬರೆದುಕೊಂಡರು.

ಹೊಸ ಗಾಡಿಯ ಮಾತು ತೆಗೆದವಳು ಮಗಳು. “ಅಪ್ಪ, ಆ ಹೊಗೆ ಅಮ್ಮನ ಕೆಮ್ಮಿಗೆ ಒಳ್ಳೇದಲ್ಲ. ಕಿಕ್ ಹೊಡೆದು ಹೊಡೆದು ನಿನ್ನ ಮೊಣಕಾಲೂ ಸವೆದುಹೋಗಿದೆ. ಇದಾದ್ರೆ ಬಟನ್ ಒತ್ತಿದ್ರೆ ಆಯ್ತು.”

ಗ್ಯಾರೇಜಿನ ಮೇಸ್ತ್ರಿ ಮೂಗು ಮುರಿದ. “ನಿನ್ನ ಗಾಡಿ ನಿಂತ್ರೆ ನಾನಿದೀನಿ ಮಾರಾಯ. ಅದು ನಿಂತ್ರೆ ಯಾರನ್ನ ಕರೀತೀಯ, ಕರೆಂಟ್ ಆಫೀಸಿನವರನ್ನಾ?”

ಮಾವ ಇಬ್ಬರ ಮಾತನ್ನೂ ಕೇಳಿದ. ಯಾರದೋ ಎಲೆಕ್ಟ್ರಿಕ್ ಗಾಡಿಯನ್ನು ಕೇಳಿ ಪಡೆದು, ತುಂಬಿದ ಕ್ರೇಟು ಕಟ್ಟಿ ಏರಿನಲ್ಲಿ ಹತ್ತಿಸಿ ನೋಡಿದ. ಒಂದು ಸಲ ಚಾರ್ಜ್ ಮಾಡಿದರೆ ಎರಡು ಸುತ್ತಿಗೂ ಸಾಕು ಎಂದು ಖಚಿತಪಡಿಸಿಕೊಂಡ. ಕೊನೆಗೆ ತಕ್ಕಡಿ ಬಾಗಿದ್ದು ಬೇರೆ ಕಾರಣಕ್ಕೆ. ಪೆಟ್ರೋಲ್ ಬಂಕಿನ ಸಾಲು, ಗ್ಯಾರೇಜಿನ ಬೆಂಚು, ಇವೆರಡೂ ತಪ್ಪಿದರೆ ಬೆಳಗಿನ ಸುತ್ತಿನ ನಡುವೆ ಒಮ್ಮೆ ಮನೆಗೆ ಬಂದು ಅತ್ತೆಗೆ ತಿಂಡಿ ತಿನ್ನಿಸಿ ಹೋಗಬಹುದಿತ್ತು. ಅಲ್ಲಿಯವರೆಗೆ ಎದುರುಮನೆಯಾಕೆಯೇ ಆಗಾಗ ಬಂದು ನೋಡಿಕೊಂಡು ಹೋಗುತ್ತಿದ್ದಳು. ಹಳೆಯ ಸ್ಕೂಟರನ್ನು ಶೋರೂಮಿಗೇ ಕೊಟ್ಟು ಹೊಸದನ್ನು ತಂದ.

ಮೊದಲ ದಿನ ಗಾಡಿ ಬೀದಿಯಲ್ಲಿ ಸುಮ್ಮನೆ ಜಾರಿಕೊಂಡು ಬಂದು ಮನೆ ಮುಂದೆ ನಿಂತಿತು. ಬಾಗಿಲು ತೆರೆಯಲಿಲ್ಲ. ನಿದ್ದೆ ಹೋಗಿರಬೇಕು ಎಂದುಕೊಂಡು ಮಾವ ತಟ್ಟಿದ. ಕಿಟಕಿ ಅರ್ಧ ತೆರೆಯಿತು.

“ಯಾರು ಬೇಕಿತ್ತು?”

“ನಾನು ಕಣೇ.”

“ನಮ್ಮನೆಯವರು ಬ್ರೆಡ್ ಹಾಕೋಕ್ ಹೋಗಿದಾರೆ. ಅವರು ಬಂದ್ಮೇಲೆ ಬನ್ನಿ.”

ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದೇನಲ್ಲ ಎಂದು ಅದನ್ನು ತೆಗೆದ. ಅತ್ತೆ ಅವನ ಮುಖವನ್ನು ಮೀಟರ್ ನೋಡಲು ಬಂದವನನ್ನು ನೋಡುವ ಹಾಗೆ ನೋಡಿದಳು. ಒರಟಾಗಿ ಅಲ್ಲ, ಮರ್ಯಾದೆಯಿಂದಲೇ. ಆಮೇಲೆ ಕಿಟಕಿ ಹಾಕಿಕೊಂಡಳು.

ಮಾವನಿಗೆ ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಅವನ ಮುಖ ಅವಳಿಂದ ಹೋಗಿ ಎಷ್ಟು ಕಾಲವಾಗಿತ್ತೋ ಏನೋ. ಇಷ್ಟು ದಿನ ಅವಳು ಗುರುತು ಹಿಡಿಯುತ್ತಿದ್ದದ್ದು ಆ ಗಡಗಡವನ್ನು. ಸದ್ದು ಬಂತು, ಗಾಡಿ ನಿಂತಿತು, ಅದರ ಮೇಲಿಂದ ಇಳಿದವನು ಗಂಡ. ಅಷ್ಟೇ ಉಳಿದಿತ್ತು. ಆ ಉಳಿದದ್ದನ್ನೂ ಅವನು ತನ್ನ ಕೈಯಾರೆ ಕೊಟ್ಟು ಬಂದಿದ್ದ. ಎದುರುಮನೆಯಾಕೆ ಬಂದು ಅತ್ತೆಗೆ ಸಮಾಧಾನ ಹೇಳಿ ಬಾಗಿಲು ತೆಗೆಸುವವರೆಗೆ ಅವನು ಹೆಲ್ಮೆಟ್ ಹಿಡಿದು ಹೊರಗೇ ನಿಂತಿದ್ದ.

ಮಾರನೆಯ ದಿನ ಶೋರೂಮಿಗೆ ಓಡಿದ. ಹಳೆಯ ಸ್ಕೂಟರು ಗುಜರಿಗೆ ಹೋಗಿತ್ತು. ಮೇಸ್ತ್ರಿ ತಾನೇ ಗುಜರಿಯವನ ಅಂಗಳ ಹೊಕ್ಕು ಹುಡುಕಿ, ಬರಿಗೈಯಲ್ಲಿ ಬಂದ. ನಾನು ಮೊದಲೇ ಹೇಳಿರಲಿಲ್ಲವೇ ಎಂದು ಆ ಬಾಯಿಬಡುಕ ಒಂದು ಮಾತೂ ಆಡಲಿಲ್ಲ. ಮಾವನಿಗೆ ಅದೇ ಹೆಚ್ಚು ಚುಚ್ಚಿತು. ಹೊಸ ಗಾಡಿಗೆ ಒಂದು ಗಂಟೆ ಕಟ್ಟಿದ. ಗಿರಾಕಿಗಳು ವಾರದೊಳಗೆ ಗಂಟೆಗೆ ಹೊಂದಿಕೊಂಡರು. ಅತ್ತೆಯ ತಲೆಯಲ್ಲಿ ಹೊಸದಕ್ಕೆ ಜಾಗವಿರಲಿಲ್ಲ.

ಮಗಳು ತನ್ನ ಫೋನನ್ನೆಲ್ಲ ಜಾಲಾಡಿ ಒಂದು ವಿಡಿಯೋ ಹುಡುಕಿ ತಂದಳು. ಮೊಮ್ಮಗಳನ್ನು ಮುಂದೆ ನಿಲ್ಲಿಸಿಕೊಂಡು ಮಾವ ಸ್ಕೂಟರ್ ಸ್ಟಾರ್ಟ್ ಮಾಡುವ ಹನ್ನೊಂದು ಸೆಕೆಂಡು. ಮಾವ ಬಾಗಿಲ ಹೊರಗೆ ನಿಂತು ಫೋನಿನ ದನಿ ಪೂರ್ತಿ ಏರಿಸಿದ. ಗಡಗಡ, ಕೆಮ್ಮು, ಗಡಗಡ. ಒಳಗೆ ಹೆಜ್ಜೆ ಸಪ್ಪಳವಾಯಿತು, ಚಿಲಕ ಸರಿಯಿತು. ಅತ್ತೆಯ ಮುಖ ಹಿಂದಿನ ಹಾಗೆಯೇ ಅರಳಿತ್ತು. ಮಾವ ಕೈ ಚಾಚಿದ. ಅವಳು ಅವನನ್ನು ದಾಟಿ ಬೀದಿಯ ಆ ತುದಿಗೆ, ಈ ತುದಿಗೆ ನೋಡಿದಳು.

“ಗಾಡಿ ಸದ್ದು ಕೇಳ್ತಲ್ಲ. ಅವರೆಲ್ಲಿ?”

ಒಂದು ಗಂಟೆಯ ಕಾಲ ಅವಳು ಹೊಸ್ತಿಲು ಬಿಟ್ಟು ಕದಲಲಿಲ್ಲ. ಆಮೇಲೆ ಮಾವ ಆ ವಿಡಿಯೋ ಮುಟ್ಟಲಿಲ್ಲ.

“ನಾನೇ ಬಲವಂತ ಮಾಡಿದ್ದು ಅಪ್ಪ,” ಎಂದು ಮಗಳು ಕಣ್ಣೀರು ಹಾಕಿದಳು. “ಗಾಡೀದೇನು ತಪ್ಪಿಲ್ಲ ಬಿಡಮ್ಮ,” ಎಂದ ಮಾವ. ಅದು ನಿಜವೂ ಆಗಿತ್ತು. ಅತ್ತೆಯ ಕೆಮ್ಮು ಕಡಿಮೆಯಾಗಿತ್ತು. ಅವನ ಮೊಣಕಾಲು ನೋಯುತ್ತಿರಲಿಲ್ಲ. ಬೀದಿಯಲ್ಲಿ ಯಾರಾದರೂ ಅವನನ್ನು ತಡೆದು, “ಹೆಂಗಿದೆ ಮಾವ, ಪೆಟ್ರೋಲ್ ಬಿಟ್ಟು ಇದು ತಗೋಬಹುದಾ?” ಎಂದು ಕೇಳಿದರೆ, ಆ ಪುಣ್ಯಾತ್ಮ ಸುಳ್ಳು ಹೇಳುವವನಲ್ಲ. “ಒಳ್ಳೇ ಗಾಡಿ. ತಗೊಳ್ಳಿ,” ಎಂದು ಬನ್ನು ಎಣಿಸಿ ಕೊಡುತ್ತಿದ್ದ.

ಬೆಳಗ್ಗೆ ಒಂಬತ್ತಕ್ಕೆ ಈಗ ಅವನು ಮನೆಗೆ ಬರುತ್ತಾನೆ. ಎದುರುಮನೆಯಾಕೆ ಬಾಗಿಲು ತೆಗೆಸಿಕೊಡುತ್ತಾಳೆ. ಅತ್ತೆಗೆ ತಿನ್ನಿಸುತ್ತಾನೆ, ತಲೆ ಬಾಚುತ್ತಾನೆ. ಯಾರೋ ಒಳ್ಳೆಯವರು ಎಂದು ಅತ್ತೆ ಸುಮ್ಮನೆ ಕೂರುತ್ತಾಳೆ. ನಮ್ಮನೆಯವರು ಹೀಗೆ, ನಮ್ಮನೆಯವರು ಹಾಗೆ ಎಂದು ಅವನಿಗೇ ಅವನ ಕಥೆ ಹೇಳುತ್ತಾಳೆ. ಅವನು ಹೂಂಗುಡುತ್ತಾನೆ.

ನಿನ್ನೆ ಸಂಜೆಯ ಸುತ್ತು ಮುಗಿಸಿ ಬಂದು ಕೂತಿದ್ದ. ಅತ್ತೆ ಎರಡು ಸಲ ಕಿಟಕಿಯತ್ತ ನೋಡಿ ಹೇಳಿದಳು: “ನೀವಿನ್ನು ಹೊರಡಿ. ನಿಮ್ಮ ಮನೇಲಿ ಕಾಯ್ತಿರ್ತಾರೆ.”

“ಪರವಾಗಿಲ್ಲ. ಅವರು ಬರೋವರೆಗೂ ಕೂತಿರ್ತೀನಿ.”

“ಬೇಡಿ. ಕಾಯೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಪಾಪ, ಆಕೇನ ಕಾಯಿಸ್ಬೇಡಿ.”

ಮಾವ ಎದ್ದು ಹೊರಗೆ ಬಂದ. ಹಿಂದೆ ಚಿಲಕ ಬಿತ್ತು. ಅವನು ಮೆಟ್ಟಿಲ ಮೇಲೆ ಕೂತ. ಅರ್ಧ ಗಂಟೆ ಬಿಟ್ಟು ಮತ್ತೆ ಬಾಗಿಲು ತಟ್ಟಬೇಕು. ಯಾರು ಎಂದು ಅವಳು ಕೇಳಿದರೆ ಏನೆಂದು ಹೇಳಲಿ ಎಂದು ಯೋಚಿಸುತ್ತ ಕೂತ.