ಮಾಸ್ತರರ ರೋಜಾ, ನನ್ನ ಒಪ್ಪತ್ತು

ಹೋದ ವಾರ ಕಲಬುರಗಿಯ ಜಗತ್ ಸರ್ಕಲ್ಲಿನಲ್ಲಿ ಆಟೊಗೆ ಕಾಯುತ್ತ ನಿಂತಿದ್ದೆ. ಪಕ್ಕದ ತಳ್ಳುಗಾಡಿಯ ತುಂಬ ಕಮಲಾಪುರದ ಕೆಂಪು ಬಾಳೆಹಣ್ಣು. ಬಿಸಿಲಿಗೆ ಮಾಗಿ, ಸಿಪ್ಪೆ ಅಲ್ಲಲ್ಲಿ ಬಿರಿದು, ಅದರ ಘಮ ಡೀಸೆಲ್ ಹೊಗೆಯನ್ನೂ ದಾಟಿ ಮೂಗಿಗೆ ಬಂತು. ಹಣ್ಣು ಕೊಳ್ಳಲಿಲ್ಲ. ಆದರೆ ಎರಡು ಆಟೊ ಬಂದು ನಿಂತರೂ ಹತ್ತಲಿಲ್ಲ... ಡ್ರಿಲ್ ಮಾಸ್ತರರು ನೆನಪಾಗಿದ್ದರು.

ಅವರು ನಮ್ಮ ಮನೆಯ ಮಾಲಕರು. ಕಮಲಾಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಹುಡುಗರನ್ನು ಬಿಸಿಲಿನಲ್ಲಿ ಓಡಿಸಿ, ನಿವೃತ್ತರಾದ ಮೇಲೆ ಕಲಬುರಗಿಗೆ ಬಂದು ಸೇಡಂ ರಸ್ತೆಯ ಹಿಂದಿನ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದರು. ಮಹಡಿಯಲ್ಲಿ ಅವರು ಮತ್ತು ಅವರ ಹೆಂಡತಿ, ಕೆಳಗೆ ಬಾಡಿಗೆಗೆ ಅವ್ವ ಮತ್ತು ಅವಳ ಒಬ್ಬಳೇ ಮಗಳು ನಾನು. ಅವರ ಹೆಂಡತಿಯನ್ನು ನಾನು ಅವರ ಮಾತಿನಲ್ಲೇ ಖಾಲಾ, ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಊರಿಗೆ ಹೋಗಿ ಬಂದಾಗಲೆಲ್ಲ ಮಾಸ್ತರರು ಒಂದು ಚಿಪ್ಪು ಕೆಂಪು ಬಾಳೆ ತಂದು ನಮ್ಮ ಬಾಗಿಲಲ್ಲಿ ಇಡುತ್ತಿದ್ದರು. "ನನಗ ಸಕ್ರಿ ಬ್ಯಾನಿ. ವಾಸನಿ ನನ್ನ ಪಾಲು, ಹಣ್ಣು ನಿಮ್ಮ ಪಾಲು" ಎಂದು ನಗುತ್ತಿದ್ದರು. ಅವ್ವ ಆ ಹಣ್ಣನ್ನು ಎರಡು ತುಂಡು ಮಾಡಿ ದೊಡ್ಡದನ್ನು ನನಗೆ ಕೊಡುತ್ತಿದ್ದಳು.

ಕೊರೊನಾದ ಎರಡನೆಯ ಅಲೆಯ ಬೇಸಿಗೆಯಲ್ಲಿ ಅವ್ವನಿಗೆ ಉಸಿರು ಸಾಲದಾಯಿತು. ಆಂಬುಲೆನ್ಸ್ ಬಂತು, ನನ್ನನ್ನು ಹತ್ತಿಸಿಕೊಳ್ಳಲಿಲ್ಲ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು ದೇವರ ಮುಂದೆ ನಿಂತು ಹರಕೆ ಹೊತ್ತೆ. ಅವ್ವ ಮನೆಗೆ ಬರುವ ತನಕ ಒಪ್ಪತ್ತು, ದಿನಕ್ಕೆ ಒಂದೇ ಊಟ. ಒಂಬತ್ತನೆಯ ದಿನ ಆಸ್ಪತ್ರೆಯಿಂದ ಫೋನು ಬಂತು. ಮಣ್ಣು ಮಾಡುವಾಗ ನೂರು ಹೆಜ್ಜೆ ದೂರ ನಿಂತಿದ್ದೆ. ಮುಖ ಕಾಣಲಿಲ್ಲ.

ಹರಕೆ ಹೊರುವಾಗ ಮಾತು ನೋಡಿಕೊಂಡು ಆಡಬೇಕು. ಇಪ್ಪತ್ತೊಂದು ದಿನ ಎಂದಿದ್ದರೆ ಹೇಗೋ ಮುಗಿಯುತ್ತಿತ್ತು. ನಾನು 'ಮನೆಗೆ ಬರುವ ತನಕ' ಎಂದುಬಿಟ್ಟಿದ್ದೆ. ಬರಬೇಕಾದವಳು ಬರಲಿಲ್ಲ, ಹರಕೆ ತೀರಲಿಲ್ಲ. ಅದನ್ನು ಬಿಟ್ಟು ಹೊಟ್ಟೆ ತುಂಬ ಉಂಡರೆ, ಅವ್ವ ಇನ್ನು ಬರುವುದಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗೆ ಅನ್ನಿಸುತ್ತಿತ್ತು. ದಿನ ಕಳೆದಂತೆ ಆ ಒಂದು ಊಟವೂ ಎರಡು ತುತ್ತಾಯಿತು, ಆಮೇಲೆ ಬರೀ ಚಹಾ. ನಾನು ಕೆಲಸ ಮಾಡುತ್ತಿದ್ದ ನಂದೂರಿನ ದಾಲ್ ಮಿಲ್ಲು ಮುಚ್ಚಿತ್ತು. ಉಂಡೆಯಾ ಎಂದು ಕೇಳುವವರಿರಲಿಲ್ಲ. ಹಸಿವಾಗುವುದೂ ನಿಂತುಹೋಯಿತು, ಅದನ್ನೇ ಭಕ್ತಿ ಎಂದುಕೊಂಡೆ. ಎಂಥ ಭಕ್ತಿ, ಬದುಕಲು ಬೇಸರವಾಗಿತ್ತು, ಅಷ್ಟೇ.

ಮಾಸ್ತರರು ಸುಮ್ಮನೆ ಬಿಡುವ ಆಸಾಮಿಯಲ್ಲ. ಬೆಳಿಗ್ಗೆ ಬಿಸಿಲೇರುವ ಮೊದಲು ಮಹಡಿಯ ಮೇಲಿಂದ ಸೀಟಿ ಊದುತ್ತಿದ್ದರು. ಹೋಗದಿದ್ದರೆ ಮತ್ತೊಂದು ಸಲ, ಇನ್ನೂ ಜೋರಾಗಿ. ಓಣಿಯ ಜನ ಎದ್ದಾರೆಂದು ಹೆದರಿ ಮೆಟ್ಟಿಲು ಹತ್ತುತ್ತಿದ್ದೆ. ಮಾಳಿಗೆಯ ಮೇಲೆ ಅವರು ಆ ತುದಿ, ನಾನು ಈ ತುದಿ, ಇಬ್ಬರ ಬಾಯಿಗೂ ಬಟ್ಟೆ. ಏಕ್, ದೋ, ತೀನ್, ಚಾರ್... ಕೈ ಮೇಲೆ, ಕೈ ಕೆಳಗೆ, ಆಮೇಲೆ ಹನ್ನೆರಡು ಸುತ್ತು ನಡಿಗೆ. ದೂರದ ಸೇಡಂ ರಸ್ತೆಯಲ್ಲಿ ಆಂಬುಲೆನ್ಸ್ ಸದ್ದಾದಾಗಲೆಲ್ಲ ನನ್ನ ಕಾಲು ನಿಲ್ಲುತ್ತಿದ್ದವು. ಆಗ ಅವರು ಎಣಿಕೆಯನ್ನು ಇನ್ನಷ್ಟು ಗಟ್ಟಿಯಾಗಿ ಹೇಳುತ್ತಿದ್ದರು. ಆ ಮುದುಕನ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಅಳುವುದಕ್ಕೂ ಬಿಡದವರು ಎಂಥ ಮನುಷ್ಯರು ಎಂದುಕೊಳ್ಳುತ್ತಿದ್ದೆ.

ಅದೇ ಹೊತ್ತಿಗೆ ರಂಜಾನ್ ಬಂತು. ಹತ್ತು ವರ್ಷದವರಿದ್ದಾಗಿನಿಂದ ಮಾಸ್ತರರು ಒಂದು ದಿನದ ರೋಜಾ ಉಪವಾಸವನ್ನೂ ಬಿಟ್ಟವರಲ್ಲವಂತೆ. ಆ ವರ್ಷ ಡಾಕ್ಟರು ಖಡಾಖಂಡಿತವಾಗಿ ಬೇಡವೆಂದರು. ಸಕ್ಕರೆ ಕಾಯಿಲೆ ಹೆಚ್ಚಾಗಿ ಇಂಜೆಕ್ಷನ್ನಿಗೆ ಬಂದಿತ್ತು, ಹೊರಗೆ ಆಸ್ಪತ್ರೆಯಲ್ಲಿ ಜಾಗವಿರಲಿಲ್ಲ. ಖಾಲಾ ಅತ್ತು ಆಣೆ ಹಾಕಿಸಿಕೊಂಡರು. ಮಾಸ್ತರರು ಒಪ್ಪಿದರು, ಆದರೆ ಕುಗ್ಗಿಹೋದರು. ಮಾಳಿಗೆಯಲ್ಲಿ ಎಣಿಕೆ ಹೇಳುವಾಗ ಮೂರರ ನಂತರ ನಾಲ್ಕು ಮರೆಯುತ್ತಿದ್ದರು. "ಇಡೀ ಓಣಿ ಉಪಾಸ ಇರ್ತದ, ನಾ ಒಬ್ಬಾಂವ ಪರದೆ ಎಳಕೊಂಡು ಕಳ್ಳನಂಗ ಉಣ್ಣಬೇಕು. ಗಂಟಲಾಗ ಇಳಿಯಂಗಿಲ್ಲ ಬೇಟಾ" ಎಂದರು ಒಮ್ಮೆ. ಅವರಿಗೆ ಉಪವಾಸ ಇರಲಾಗದ ದುಃಖ, ನನಗೆ ಬಿಡಲಾಗದ ದುಃಖ. ಒಂದೇ ಮನೆಯಲ್ಲಿ ಮೇಲೊಂದು, ಕೆಳಗೊಂದು.

ಒಂದು ಮಧ್ಯಾಹ್ನ ಅವರು ಸ್ಟೀಲಿನ ಡಬ್ಬಿ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು. ಕಾಯಿಲೆಯಿಂದ ರೋಜಾ ಇರಲಾಗದವರು ಬಿಟ್ಟ ಒಂದೊಂದು ದಿನಕ್ಕೆ ಒಬ್ಬ ಹಸಿದವರಿಗೆ ಊಟ ಕೊಡಬೇಕೆಂಬ ಪದ್ಧತಿ ಅವರಲ್ಲಿದೆ. ಅದನ್ನು ಹೇಳಿ, ಡಬ್ಬಿ ಮುಂದೆ ಚಾಚಿದರು.

"ಮಸೀದಿ ಬಾಗಲಾ ಮುಚ್ಯದ. ಫಕೀರರು ಬರಂಗಿಲ್ಲ. ಹೊರಗ ಹೋಗಿ ಹುಡಕಲಾಕ ನಿಮ್ಮ ಖಾಲಾ ಬಿಡಂಗಿಲ್ಲ. ನನ್ನ ಮನ್ಯಾಗ ಹಸದಾಕಿ ನೀ ಒಬ್ಬಾಕೀನೇ ಇದ್ದಿ."

"ಮಾಸ್ತರ್ರೇ, ನಂದು ಒಪ್ಪತ್ತು ಅದ ರೀ" ಎಂದೆ.

"ಒಪ್ಪತ್ತಂದ್ರ ಒಂದು ಹೊತ್ತು ಉಣ್ಣಬೇಕು, ಹೌದಿಲ್ಲೊ? ಆ ಒಂದು ಹೊತ್ತು ನನಗ ಕೊಡು. ನೀ ಉಂಡ್ರ ನನ್ನ ರೋಜಾ ಪೂರಾ ಆದಂಗ."

ಹಿಂದೆ ಮೆಟ್ಟಿಲಲ್ಲಿ ನಿಂತಿದ್ದ ಖಾಲಾ, "ಡಬ್ಬಿ ಹೊಸಾದದವ್ವ, ಮಾಂಸದ ಅಡಿಗಿ ಮುಟ್ಟಿಲ್ಲ" ಎಂದರು. ನಾವು ಲಿಂಗಾಯತರು, ಅದಕ್ಕೇ ಹಿಂಜರಿಯುತ್ತಿದ್ದೇನೆಂದು ಅವರು ತಿಳಿದಿದ್ದರು. ಜಾಣ ಮುದುಕ, ಹರಕೆ ಮುರಿ ಎನ್ನಲಿಲ್ಲ, ಸರಿಯಾಗಿ ಮಾಡು ಎಂದರು. ಡಬ್ಬಿ ತೆಗೆದುಕೊಂಡೆ.

ಅಂದು ಅದರಲ್ಲಿ ಖಿಚಡಿಯಿತ್ತು, ಬದಿಗೆ ಹುಣಸೆ ಸಾರು. ಒಂದು ತುತ್ತು ಎತ್ತಿದೆ, ಕೈ ಬಾಯಿಗೆ ಹೋಗಲಿಲ್ಲ. ಹಿತ್ತಲ ಬಾಗಿಲು ತೆರೆದು ಓಣಿಯ ನಾಯಿಗೆ ಹಾಕಿದೆ. ಡಬ್ಬಿ ಬೆಳಗಿ ಮೇಲೆ ಒಯ್ದು ಕೊಟ್ಟೆ. "ಉಂಡಿ?" ಎಂದರು ಮಾಸ್ತರರು. "ಉಂಡೀನ್ರಿ, ಛಲೋ ಆಗಿತ್ತು" ಎಂದೆ. ಅವರ ಮುಖ ಅರಳಿತು. ಎಷ್ಟೋ ದಿನದ ಮೇಲೆ ಅರಳಿದ ಮುಖ ಅದು. ಹಾಗೆ ನಾಲ್ಕು ದಿನ ಮಾಡಿದೆ. ನಾಚಿಕೆಯಾಗಲಿಲ್ಲವೇ ಎಂದರೆ, ಇಲ್ಲ, ಆಗ ನನಗೆ ಏನೂ ಆಗುತ್ತಿರಲಿಲ್ಲ.

ಐದನೆಯ ದಿನ ನಾಯಿ ಬರಲು ತಡವಾಯಿತು. ಅದಕ್ಕಾಗಿ ಒಂದು ತಾಸು ಕಾದು, ಅನ್ನ ಸುರಿದು, ಡಬ್ಬಿ ತೊಳೆದು ಮೇಲೆ ಹೋದೆ. ಮಾಸ್ತರರು ಗೋಡೆಗೆ ಒರಗಿ ಕುಳಿತಿದ್ದರು. ಅಂಗಿ ಬೆವರಿಗೆ ತೊಯ್ದಿತ್ತು, ಕೈ ಗಡಗಡ ನಡುಗುತ್ತಿತ್ತು. ಮುಂದೆ ತಟ್ಟೆ ಹಾಗೇ ಇತ್ತು. ಖಾಲಾ ಸಕ್ಕರೆ ನೀರು ಕುಡಿಸುತ್ತಿದ್ದರು.

"ನೀ ಡಬ್ಬಿ ವಾಪಸ್ ತರೋತನಕ ಉಣ್ಣಂಗಿಲ್ಲಂತ ಹಟಾ ಹಿಡದು ಕುಂತಾರ ನೋಡವ್ವ. ಸಕ್ರಿ ಸೂಜಿ ಮಾಡ್ಕೊಂಡು ಎಷ್ಟು ಹೊತ್ತಾತು! ದಿನಾ ಹಿಂಗೇ. ಮದಲ ನೀ, ಆಮ್ಯಾಲೆ ಅವರು."

ನನಗೆ ಗೊತ್ತಿರಲಿಲ್ಲ, ನಿಜವಾಗಿ ಗೊತ್ತಿರಲಿಲ್ಲ. ಮಾಸ್ತರರು ನಡುಗುವ ತುಟಿಯಲ್ಲೇ "ಉಂಡಿ, ಬೇಟಾ?" ಎಂದರು. ಆಗಲೂ ನಾನು "ಉಂಡೀನ್ರಿ" ಎಂದೆ. ಬೇರೆ ಏನು ಹೇಳಿದ್ದರೂ ಅವರು ತಟ್ಟೆ ಮುಟ್ಟುತ್ತಿರಲಿಲ್ಲ.

ಮರುದಿನದಿಂದ ಉಂಡೆ. ಮೊದಲ ತುತ್ತು ವಾಂತಿಯಾಗಿ ಬಂತು, ಮತ್ತೆ ಉಂಡೆ. ಮೇಲೆ ಒಬ್ಬರು ಕಾಯುತ್ತಿದ್ದಾರೆಂದು ಹತ್ತು ನಿಮಿಷದಲ್ಲಿ ಮುಗಿಸಿ, ಅರ್ಧ ಅಳುತ್ತ ಡಬ್ಬಿ ಹಿಡಿದು ಓಡುತ್ತಿದ್ದೆ. ಎರಡು ವಾರದಲ್ಲಿ ಹೊಟ್ಟೆ ತಾನಾಗಿ ಹೊತ್ತು ಕೇಳತೊಡಗಿತು. ಮಾಳಿಗೆಯ ಹನ್ನೆರಡು ಸುತ್ತು ಇಪ್ಪತ್ತಾಯಿತು. ಅವ್ವನ ಸೀರೆ ಮಡಚಿ ಟ್ರಂಕಿನಲ್ಲಿಟ್ಟೆ. "ಹೋದವರಿಗೆ ನಮ್ಮ ಹರಕಿ ಗೊತ್ತಾಗಂಗಿಲ್ಲ, ಇದ್ದವರ ಹೊಟ್ಟಿಗೆ ಗೊತ್ತಾಗ್ತದ" ಎಂದಿದ್ದರು ಮಾಸ್ತರರು, ಒಂದು ಬೆಳಿಗ್ಗೆ, ಎಣಿಕೆಯ ನಡುವೆ. ಹರಕೆ ಯಾವ ದಿನ ಬಿಟ್ಟುಹೋಯಿತೋ ನೆನಪಿಲ್ಲ... ಒಂದು ರಾತ್ರಿ ರೊಟ್ಟಿ ಬಡಿದುಕೊಂಡು ಉಂಡು ಮಲಗಿದ್ದೆ, ಅಷ್ಟೇ.

ಹಬ್ಬದ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮೆಟ್ಟಿಲಿಳಿದು ಬಂದರು. ಸಾಲೆಯ ಹುಡುಗನ ಹಾಗೆ ಎದೆಯುಬ್ಬಿಸಿ, "ಒಂದೂ ರೋಜಾ ಹೋಗಲಿಲ್ಲ ನೋಡು. ಎಲ್ಲಾ ಪೂರಾ ಆದವು, ನಿನ್ನ ಕೈಯಿಂದ" ಎಂದರು. ಅಂದೇ ಹೇಳಬೇಕಾಗಿತ್ತು. ಐದು ದಿನದ್ದು ನಾಯಿಗೆ ಹೋಗಿದೆ ಮಾಸ್ತರ್ರೇ, ಇನ್ನೂ ಐದು ಜನಕ್ಕೆ ಹಾಕ್ರಿ ಎಂದಿದ್ದರೆ, ಬೈದಾದರೂ ಹಾಕುತ್ತಿದ್ದರು. ಆ ಮುಖ ನೋಡಿ ಹೇಳದೆ ಉಳಿದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆಯನ್ನು ಒಂದು ವರ್ಷ ಎಳೆದೆ. ಅಷ್ಟರಲ್ಲಿ ಅವರ ಕಿಡ್ನಿ ಹೋದವು, ಮನೆ ಮಾರಿ ಇಬ್ಬರೂ ಕಮಲಾಪುರಕ್ಕೆ ಹೋದರು, ನಾನು ಬೇರೆ ಬಾಡಿಗೆ ಮನೆ ಹಿಡಿದೆ. ಒಂದು ದಿನ ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ದಫನ್ ಮುಗಿದಿತ್ತು. ಆ ಮುಖವನ್ನೂ ನೋಡಲಿಲ್ಲ.

ನಿನ್ನೆ ಭಾನುವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಖಾಲಾಗೆ ಈಗ ಮೊಣಕಾಲು ಬಾಗುವುದಿಲ್ಲ, ಕಣ್ಣು ಮಂಜಾಗಿದೆ. ಧ್ವನಿಯಿಂದಲೇ ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಎಲ್ಲ ಹೇಳಿದೆ, ನಾಯಿ, ತೊಳೆದ ಡಬ್ಬಿ, ಐದು ದಿನ. ಬೈಯಲಿ, ಇಲ್ಲ ತಲೆ ಸವರಿ ಹೋಗಲಿ ಬಿಡವ್ವ ಎನ್ನಲಿ, ಎರಡರಲ್ಲಿ ಒಂದಾದರೆ ಸಾಕಿತ್ತು. ಅವರು ಎರಡೂ ಮಾಡಲಿಲ್ಲ.

"ಐದು ಮಂದಿಗೆ ಅನ್ನ ಹಾಕು, ಅವರ ಹೆಸರಿಲೆ" ಎಂದರು. ಆಮೇಲೆ, "ಆದರ ಇದು ಅವರಿಗಿ ಹೇಳೋ ಮಾತಿತ್ತವ್ವ, ನನಗಲ್ಲ" ಎಂದರು.

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ದಣಿವಿತ್ತು.

ಐದು ಜನಕ್ಕೆ ಊಟ ಹಾಕುವುದೇನು ದೊಡ್ಡದು, ಈ ಊರಲ್ಲಿ ಹಸಿದವರಿಗೆ ಕಡಿಮೆಯಿಲ್ಲ. ಇವತ್ತು ಮಧ್ಯಾಹ್ನ ಒಬ್ಬ ಮುದುಕಿಗೆ ಹಾಕಿ ಬಂದೆ. ಆಕೆ ತಟ್ಟೆ ಖಾಲಿ ಮಾಡುವ ತನಕ ಎದುರಿಗೇ ಕುಳಿತಿದ್ದೆ. ಎದ್ದು ಬರುವಾಗ, ಉಂಡಳು ಎಂದು ಯಾರಿಗೋ ಹೋಗಿ ಹೇಳಬೇಕು ಅನ್ನಿಸಿತು. ಹೇಳುವುದಕ್ಕೆ ಯಾರೂ ಇರಲಿಲ್ಲ.